ಬನ್ನಿನವನ ನಾಲಿಗೆ

ಹಲ್ಲಿನ ಆಸ್ಪತ್ರೆಗೆ ಬಂದ ಮುಕ್ಕಾಲು ಗಂಟೆಯಲ್ಲಿ ಬೇಕರಿಯವನು ಏಳು ಜಗಳ ಮುಗಿಸಿ ಎಂಟನೆಯದಕ್ಕೆ ತೋಳು ಏರಿಸುತ್ತಿದ್ದ. ಮೊದಲನೆಯದು ಬಾಗಿಲಿನ ಜೊತೆ. ‘ತಳ್ಳಿ’ ಎಂದು ಬರೆದಿದ್ದ ಬಾಗಿಲನ್ನು ಎಳೆದೂ ಎಳೆದೂ, ಅದು ಬರಲಿಲ್ಲವೆಂದು ಅದನ್ನು ಮಾಡಿದ ಬಡಗಿಯ ಮೂರು ತಲೆಮಾರನ್ನು ಬೈದಿದ್ದ. ಎರಡನೆಯದು ಕಾಲು ಕುಂಟುವ ಬೆಂಚಿನ ಜೊತೆ. ಮೂರನೆಯದು ಗಾಜಿನ ತೊಟ್ಟಿಯಲ್ಲಿದ್ದ ಮೀನಿನ ಜೊತೆ, ‘ಏನ್ ಹಂಗೆ ನೋಡ್ತೀಯ’ ಎಂದು. ಮಿಕ್ಕವೆಲ್ಲ ಕೌಂಟರಿನ ಹುಡುಗಿಯ ಜೊತೆ. ಸಿಟ್ಟು ಅಂದರೆ ಎಂಥ ಸಿಟ್ಟು! ಅವನ ತಲೆಯ ಮೇಲೆ ಆಗ ಒಂದು ಟ್ರೇ ಇಟ್ಟಿದ್ದರೆ ಎರಡು ಡಜನ್ ಬನ್ನು ಉಬ್ಬಿ, ಕೆಂಪಗೆ ಬೆಂದು, ಗಿರಾಕಿಗಳ ಕೈ ಸೇರುತ್ತಿದ್ದವು.

“ಹತ್ತು ಗಂಟೆ ಅಂದಿದ್ರಲ್ಲಮ್ಮ. ನಿಮ್ಮ ಗಡಿಯಾರದಲ್ಲಿ ಹತ್ತು ಯಾವಾಗ ಬರುತ್ತೆ? ಈ ವಾರಾನಾ, ಮುಂದಿನ ವಾರಾನಾ?”

“ಒಳಗಡೆ ಒಬ್ರಿದ್ದಾರೆ ಸಾರ್. ಕೂತ್ಕೊಳ್ಳಿ.”

“ಕೂತೂ ಕೂತೂ ಬೆಂಚಿಗೆ ನನ್ನ ಅಚ್ಚು ಬಿದ್ದಿದೆ. ಬಂದು ನೋಡು ಬೇಕಾದ್ರೆ.”

ಪಕ್ಕದಲ್ಲಿದ್ದ ಮಗಳು ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು. “ಅಪ್ಪಾ, ಸಾಕು. ಎಲ್ಲಾರೂ ನೋಡ್ತಿದಾರೆ.”

ಹದಿನೇಳು ವರ್ಷದ ಹುಡುಗಿ. ಕೆಳಗಿನ ಬುದ್ಧಿಹಲ್ಲುಗಳು ಎರಡೂ ನೆಟ್ಟಗೆ ಹುಟ್ಟುವುದು ಬಿಟ್ಟು ಅಡ್ಡಡ್ಡ ಮಲಗಿ ಪಕ್ಕದ ಹಲ್ಲುಗಳನ್ನು ಒದೆಯುತ್ತಿದ್ದವು. ಎರಡು ತಿಂಗಳ ಹಿಂದೆ ಕೆನ್ನೆ ಊದಿ, ಒಂದು ಬೆರಳಿನಷ್ಟೂ ಬಾಯಿ ತೆಗೆಯಲಾಗದೆ, ನಾಲ್ಕು ದಿನ ಬರೀ ಹಾಲು ಕುಡಿದುಕೊಂಡು ಗೋಡೆ ಗುದ್ದಿದ್ದಳು. ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಮಂಪರು ಬರಿಸುವ ಔಷಧಿ ಕೊಟ್ಟು ಎರಡನ್ನೂ ಒಂದೇ ಸಲ ತೆಗೆದುಬಿಡೋಣ ಎಂದಿದ್ದಳು. ಮಂಪರು ಕೊಡುವ ಡಾಕ್ಟರು ಬೇರೆ ಕಡೆಯಿಂದ ಬರಬೇಕಾದ್ದರಿಂದ ಸಿಕ್ಕಿದ ತಾರೀಕು ಇವತ್ತಿನದು.

ಆದರೆ ಬೇಕರಿಯವನ ಸಿಟ್ಟಿನ ಬೇರು ಗಡಿಯಾರದಲ್ಲಿರಲಿಲ್ಲ. ಅದು ಬೆಳಿಗ್ಗೆ ಬಂದ ಕೂಡಲೇ ಸಹಿ ಹಾಕು ಎಂದು ಕೊಟ್ಟ ಕಾಗದದಲ್ಲಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದ್ದ. ಮಂಪರಿನಲ್ಲಿ ಉಸಿರು ನಿಧಾನವಾಗಬಹುದು ಎಂದು ಒಂದು ಸಾಲು. ಅದರ ಕೆಳಗೆ ಇನ್ನೊಂದು: ನಾಲಿಗೆ ಜೋಮು ಹಿಡಿಯಬಹುದು, ರುಚಿ ಹೋಗಬಹುದು, ಅಪರೂಪಕ್ಕೆ ಮರಳಿ ಬಾರದೆಯೂ ಇರಬಹುದು. ಅಲ್ಲಿಂದ ಹತ್ತಿದ್ದು ಬೆಂಕಿ.

ಯಾಕೆಂದರೆ ಬೇಕರಿಯವನಿಗೆ ನಾಲಿಗೆ ಇರಲಿಲ್ಲ. ಮಾತಾಡುವುದಕ್ಕೆ ಬೇಕಾದಷ್ಟಿತ್ತು, ಊರಿಗೆಲ್ಲ ಹಂಚಿ ಮಿಗುವಷ್ಟಿತ್ತು. ರುಚಿಗೆ ಇರಲಿಲ್ಲ. ಏಳು ವರ್ಷದ ಹಿಂದೆ ಬಂದ ಒಂದು ಜ್ವರ ಹೋಗುವಾಗ ಅವನ ರುಚಿಯನ್ನೂ ಎತ್ತಿಕೊಂಡು ಹೋಗಿತ್ತು. ಅಂದಿನಿಂದ ಅವನಿಗೆ ಬನ್ನೂ ಒಂದೇ, ಬಟ್ಟೆಯೂ ಒಂದೇ. ಇದು ಗೊತ್ತಿದ್ದದ್ದು ಹೆಂಡತಿ, ಮಗಳು ಇಬ್ಬರಿಗೆ ಮಾತ್ರ. ರುಚಿ ಗೊತ್ತಿಲ್ಲದವನ ಅಂಗಡಿಗೆ ಯಾರು ಬರುತ್ತಾರೆ? ಹಾಗಾಗಿ ಏಳು ವರ್ಷದಿಂದ ದಿನಾ ಬೆಳಗಿನ ಮೊದಲ ಟ್ರೇ ಹೊರಬಂದ ಕೂಡಲೇ ಒಂದು ಬನ್ನನ್ನು ಮುರಿದುಕೊಂಡು ಮಗಳ ಹಾಸಿಗೆಯ ಹತ್ತಿರ ಹೋಗುತ್ತಿದ್ದ. ಅವಳು ಕಣ್ಣು ತೆಗೆಯದೆ ಬಾಯಿ ತೆಗೆಯುತ್ತಿದ್ದಳು. ಜಗಿದು, ನುಂಗಿ, ‘ಉಪ್ಪು ಕಮ್ಮಿ’ ಅಥವಾ ‘ಸರಿಯಿದೆ’ ಎಂದು ಮಗ್ಗುಲು ಬದಲಿಸುತ್ತಿದ್ದಳು. ಎರಡನೇ ಟ್ರೇ ಅದರ ಮೇಲೆ ನಡೆಯುತ್ತಿತ್ತು. ಊರಿನ ಅರ್ಧ ಜನ ಅವನ ಕೈಗುಣ ಹೊಗಳಿ ತಿನ್ನುತ್ತಿದ್ದದ್ದು ನಿದ್ದೆಗಣ್ಣಿನ ಹುಡುಗಿಯೊಬ್ಬಳ ತೀರ್ಪನ್ನು.

ಎಂಟನೇ ಜಗಳದ ಸದ್ದಿಗೆ ಡಾಕ್ಟರಮ್ಮನೇ ಕೈಗವಸು ಕಳಚುತ್ತಾ ಹೊರಗೆ ಬಂದಳು. “ಯಾರ್ರೀ ಅದು ಕೂಗ್ತಿರೋದು?”

“ನಾನೇ. ಇದೇನು ಬರ್ದಿದೀರಿ ಇಲ್ಲಿ? ನಾಲಿಗೆ ಹೋಗುತ್ತಂತೆ, ಉಸಿರು ನಿಲ್ಲುತ್ತಂತೆ. ಇದು ಆಸ್ಪತ್ರೆಯೋ ಕಟುಕರ ಅಂಗಡಿಯೋ?”

“ನಿಲ್ಲುತ್ತೆ ಅಂತ ಬರೆದಿಲ್ಲ. ನಿಧಾನ ಆಗಬಹುದು ಅಂತಿದೆ. ಅದನ್ನ ನೋಡ್ಕೊಳ್ಳೋಕೇ ಇನ್ನೊಬ್ಬ ಡಾಕ್ಟರು ಪೂರ್ತಿ ಹೊತ್ತು ತಲೆ ಹತ್ರ ಕೂತಿರ್ತಾರೆ. ನಾಲಿಗೆ ವಿಷಯ ತೀರಾ ಅಪರೂಪ.”

“ಅಪರೂಪ ಅಂದ್ರೆ ಯಾರ ಮನೆ ಮಗಳಿಗೆ ಅಂತ ಹೇಳಿಬಿಡಿ ಮತ್ತೆ.”

ಡಾಕ್ಟರಮ್ಮ ಉಸಿರು ಬಿಟ್ಟಳು. ಸರದಿಯಲ್ಲಿ ಮುಂದಿದ್ದ ಮುದುಕಪ್ಪನ ಕಡೆ ತಿರುಗಿದಳು. ಅಂಚೆ ಹಂಚಿ ನಿವೃತ್ತನಾದ ಅಜ್ಜ, ಬೇಕರಿಯ ಹಳೇ ಗಿರಾಕಿ. “ತಾತಾ, ಈ ಹುಡುಗಿನ ಮೊದಲು ಕರ್ಕೊಳ್ಳಲಾ? ಇಲ್ಲಾಂದ್ರೆ ಇವರಪ್ಪ ನಮ್ಮ ಮೀನು ಸಾಯಿಸ್ತಾರೆ.”

“ಕರ್ಕೊಳ್ಳಮ್ಮಾ. ನನ್ನ ಹಲ್ಲು ಜೇಬಲ್ಲೇ ಇದೆ, ಅದಕ್ಕೇನು ಅವಸರ?”

ಗೆದ್ದೆ ಎಂದುಕೊಂಡ ಬೇಕರಿಯವನು. ಕಾಗದ ತೂತು ಬೀಳುವಂತೆ ಪೆನ್ನು ಒತ್ತಿ ಸಹಿ ಹಾಕಿ, ಮಗಳನ್ನು ಒಳಕೋಣೆಯ ಬಾಗಿಲಿನವರೆಗೆ ಕರೆದುಕೊಂಡು ಹೋದ. ಒಳಗೆ ಮಂಪರಿನ ಡಾಕ್ಟರು ಕೂತಿದ್ದರು. ಸಣಕಲು ಮನುಷ್ಯ, ಮಾತಿಗೂ ಪಥ್ಯ ಮಾಡುವವರ ಹಾಗಿದ್ದರು.

“ರಾತ್ರಿಯಿಂದ ಏನಾದ್ರೂ ತಿಂದ್ಯಾ ಮರಿ?”

“ಇಲ್ಲ.”

“ಒಂದು ಚೂರು ಬಿಸ್ಕತ್ತೂ ಇಲ್ಲ?”

“ಇಲ್ಲ ಅಂದ್ನಲ್ಲಾ ಸಾರ್.” ಹಾಗೆನ್ನುವಾಗ ಮಗಳು ಅಪ್ಪನ ಮುಖವನ್ನೇ ನೋಡಿದಳು. ಹೆದರಿಕೆಗೆ ನೋಡುತ್ತಿದ್ದಾಳೆ ಎಂದುಕೊಂಡು ಅವನು ತಲೆಯಾಡಿಸಿ ಧೈರ್ಯ ತುಂಬಿದ. ಬಾಗಿಲು ಮುಚ್ಚಿತು.

ಈಗ ಜಗಳಕ್ಕೆ ಯಾರೂ ಉಳಿದಿರಲಿಲ್ಲ. ಬೇಕರಿಯವನು ಬೆಂಚಿನ ತುದಿಯಲ್ಲಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲನ್ನೇ ಹಿಟ್ಟಿನ ಹಾಗೆ ನಾದತೊಡಗಿದ.

ಅಂಚೆಯ ಅಜ್ಜ ಪಕ್ಕಕ್ಕೆ ಸರಿದು ಬಂದ. “ಪಾಪ ಕಣಯ್ಯಾ ಮಗು. ಬೇಕರಿಯವನ ಹೊಟ್ಟೇಲಿ ಹುಟ್ಟಿ, ಬೆಳಿಗ್ಗೆಯಿಂದ ಒಂದು ಬನ್ನೂ ಬಾಯಿಗಿಲ್ಲದೆ ಹಸ್ಕೊಂಡು ಹೋಯ್ತು ಒಳಗೆ.”

ನಾದುತ್ತಿದ್ದ ಕೈ ನಿಂತುಹೋಯಿತು.

ಬೆಳಿಗ್ಗೆ ಆರು ಗಂಟೆ. ಮೊದಲ ಟ್ರೇ. ಬೆಣ್ಣೆ ಬನ್ನು. ಕಾಲು ತನ್ನಷ್ಟಕ್ಕೆ ಹಾಸಿಗೆಯ ಕಡೆ ಹೋಗಿತ್ತು, ಕೈ ತನ್ನಷ್ಟಕ್ಕೆ ಮುರಿದಿತ್ತು, ಹುಡುಗಿಯ ಬಾಯಿ ತನ್ನಷ್ಟಕ್ಕೆ ತೆರೆದಿತ್ತು. ‘ಇವತ್ತು ಸರಿಯಿದೆ’ ಎಂದಿದ್ದಳು. ಅರ್ಧ ಬನ್ನು! ಏನೂ ತಿನ್ನಿಸಬೇಡಿ ಎಂದು ಆಸ್ಪತ್ರೆಯವರು ಮೂರು ಸಲ ಫೋನು ಮಾಡಿ ಹೇಳಿದ್ದರು; ಮೂರೂ ಸಲ, ‘ನಾನೇನು ಮಗುವೇನ್ರೀ, ಗೊತ್ತಾಯ್ತು ಇಡಿ’ ಎಂದು ಗದರಿದ್ದ.

ಹಾಗಾದರೆ ಅವಳು ಇಲ್ಲ ಅಂದದ್ದು?

ಹೇಳಿದರೆ ಕೆಲಸ ಕೆಡುತ್ತದೆ. ಇಷ್ಟು ಹೊತ್ತು ಊರೆಲ್ಲ ಕೇಳುವಂತೆ ಕೂಗಾಡಿ ಸರದಿ ಕಿತ್ತುಕೊಂಡ ಮೇಲೆ, ಎಲ್ಲರ ಮುಂದೆ ಮುಖಕ್ಕೆ ಮಸಿ. ‘ಮಲಗಿದ್ದ ಮಗುವಿಗೆ ಬನ್ನು ಯಾಕೆ ಕೊಟ್ಟೆ’ ಎಂದು ಕೇಳಿದರೆ ಏಳು ವರ್ಷ ಮುಚ್ಚಿಟ್ಟದ್ದು ಬೀದಿಗೆ. ಇದೆಲ್ಲ ಅವನ ತಲೆಯಲ್ಲಿ ಓಡಿತು. ಓಡಿದ್ದು ಎಷ್ಟು ಹೊತ್ತು? ಕಣ್ಣು ರೆಪ್ಪೆ ಬಡಿಯುವಷ್ಟು. ಅಷ್ಟಾದರೂ ಓಡಿತಲ್ಲ ಎಂದು ಆಮೇಲೆ ಅವನಿಗೆ ತನ್ನ ಮೇಲೆ ಎಷ್ಟು ರೋಷ ಬಂತೆಂದರೆ, ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡು ಒಂಬತ್ತನೇ ಜಗಳ ಶುರುಮಾಡಬಹುದಿತ್ತು.

ಎದ್ದ. ಬಾಗಿಲನ್ನು ಭುಜದಿಂದ ಗುದ್ದಿದ. “ನಿಲ್ಸೀ! ಚುಚ್ಚಬೇಡಿ! ತಿಂದಿದಾಳೆ ಅವಳು!”

ಸೂಜಿ ಕೈಗೆ ಚುಚ್ಚಿ ಪಟ್ಟಿ ಅಂಟಿಸಿಯಾಗಿತ್ತು. ಔಷಧಿ ಮಂಪರಿನ ಡಾಕ್ಟರ ಕೈಯಲ್ಲಿತ್ತು. ಅವರು ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು.

“ಏನು ತಿಂದಿದಾಳೆ? ಎಷ್ಟು ಗಂಟೆಗೆ?”

“ಬೆಣ್ಣೆ ಬನ್ನು. ಅರ್ಧ. ಆರು ಗಂಟೆಗೆ.”

“ಅಪ್ಪಾ!” ಎಂದಳು ಕುರ್ಚಿಯಲ್ಲಿ ಒರಗಿದ್ದ ಮಗಳು.

ಈ ಸಲ ಕೂಗುವ ಸರದಿ ಡಾಕ್ಟರಮ್ಮನದು. “ಏನ್ರೀ ಅಂದ್ಕೊಂಡಿದೀರಿ? ಮಂಪರಿನಲ್ಲಿ ಹೊಟ್ಟೇಲಿರೋದು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿದ್ರೆ ಏನಾಗುತ್ತೆ ಗೊತ್ತಾ? ಆಗ ಯಾರ ಕಾಲರ್ ಹಿಡೀತಿದ್ರಿ? ನನ್ನದಾ? ಮೀನಿಂದಾ? ಮಲಗಿರೋ ಮಗುಗೆ ಬನ್ನು ತುರುಕೋ ಅಂಥದ್ದು ಏನಾಗಿತ್ತು ನಿಮಗೆ?”

ಬಾಗಿಲು ಹಾರುಹೊಡೆದಿತ್ತು. ಅಂಚೆಯ ಅಜ್ಜ, ಕೌಂಟರಿನ ಹುಡುಗಿ ಇಬ್ಬರೂ ಕತ್ತು ಉದ್ದ ಮಾಡಿ ನಿಂತಿದ್ದರು. ಬೇಕರಿಯವನು ಅವರ ಕಡೆ ನೋಡಿದ, ಡಾಕ್ಟರಮ್ಮನ ಕಡೆ ನೋಡಿದ.

“ನಂಗೆ ಉಪ್ಪು ಗೊತ್ತಾಗಲ್ಲ ಕಣ್ರೀ,” ಎಂದ. “ಸಿಹೀನೂ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ. ಏಳು ವರ್ಷ ಆಯ್ತು. ಇವಳೇ ದಿನಾ ನೋಡಿ ಹೇಳೋದು. ಇವತ್ತೂ ಅಭ್ಯಾಸಬಲದ ಮೇಲೆ ತಿನ್ನಿಸಿಬಿಟ್ಟೆ.”

ಅಂಚೆಯ ಅಜ್ಜ ಕೆಮ್ಮಿದ. “ಅದಕ್ಕೇ ಏನಯ್ಯಾ, ಆ ಹುಡುಗಿ ಅವರತ್ತೆ ಮನೆಗೆ ಹೋಗಿದ್ದ ವಾರ ನಿನ್ನ ಬ್ರೆಡ್ಡು ಉಪ್ಪಿಗೆ ಕಣ್ಣೀರು ಬರೋ ಹಂಗಿತ್ತು. ನಾನು ನನ್ನ ಬೀಪಿ ಮಾತ್ರೆ ಎರಡೆರಡು ನುಂಗ್ದೆ.”

ಮಂಪರಿನ ಡಾಕ್ಟರು ಗಡಿಯಾರ ನೋಡಿದರು. “ಬೆಣ್ಣೆ ಬೇರೆ ಇದೆ. ತಿಂದು ಎಂಟು ಗಂಟೆ ಆಗಲಿ. ಎರಡರ ಮೇಲೆ ನೋಡೋಣ. ನಾನು ಇರ್ತೀನಿ.” ಆಮೇಲೆ ಹುಡುಗಿಯ ಕಡೆ ಬಗ್ಗಿ, “ಇನ್ನೊಂದು ಸಲ ನಂಗೆ ಸುಳ್ಳು ಹೇಳಿದ್ರೆ ಹಲ್ಲೆಲ್ಲಾ ತೆಗೆಸ್ತೀನಿ,” ಎಂದರು. ಅಷ್ಟು ಉದ್ದದ ಮಾತು ಅವರು ಆ ವರ್ಷ ಆಡಿದ್ದು ಅದೊಂದೇ ಇರಬೇಕು.

ಆಸ್ಪತ್ರೆಯ ಹಿಂಭಾಗದ ಮೆಟ್ಟಿಲಿನ ಮೇಲೆ ಅಪ್ಪ, ಮಗಳು ಕೂತರು. ಎದುರಿಗೆ ಜನರೇಟರು, ಒಗೆದು ಹರವಿದ ಹಸಿರು ಬಟ್ಟೆಗಳು. ಹುಡುಗಿ ಮುಖ ಊದಿಸಿಕೊಂಡಿದ್ದಳು. ಇದು ಹಲ್ಲಿನ ಊತವಲ್ಲ.

“ಸುಳ್ಳು ಯಾಕೆ ಹೇಳ್ದೆ ನೀನು? ಸಾಯ್ತಿದ್ದೆ ಕಣೇ!” ಎಂದು ಶುರುಮಾಡಿದ ಅವನು.

“ಕೂಗಬೇಡ. ಇಲ್ಲಿ ಯಾರೂ ಇಲ್ಲ, ನಿನ್ನ ಕೂಗು ಕೇಳೋಕೆ.” ಹುಡುಗಿ ಅವನ ಕಡೆ ತಿರುಗಲೇ ಇಲ್ಲ. “ಹಲ್ಲುಜ್ಜುವಾಗ ನೆನಪಾಯ್ತು ನಂಗೆ. ಹೇಳೋಣ ಅಂತ ಬಂದೆ. ನೀನು ಆಗಲೇ ಅಮ್ಮನ ಮೇಲೆ ಕೂಗ್ತಿದ್ದೆ. ದಾರೀಲಿ ಹೇಳೋಣ ಅಂದ್ರೆ ಆಟೋದವನ ಮೇಲೆ ಕೂಗ್ತಿದ್ದೆ. ಇಲ್ಲಿ ಬಂದ್ರೆ ಮೀನಿನ ಮೇಲೆ! ಯಾವ ಸಂದಿಯಲ್ಲಿ ಹೇಳಲಿ?”

“ಅದು ಹೆದರಿಕೆಗೆ ಕಣಮ್ಮಾ…”

“ಗೊತ್ತು. ಒಂದು ಕೇಳ್ತೀನಿ, ನಿಜ ಹೇಳು. ಆ ಕಾಗದ ಓದಿದ್ಯಲ್ಲ, ಯಾವ ಸಾಲಿಗೆ ಹೆದರಿದ್ದು? ಉಸಿರಿನ ಸಾಲಿಗಾ, ನಾಲಿಗೆ ಸಾಲಿಗಾ?”

ಬೇಕರಿಯವನ ಬಾಯಿಗೆ ಹತ್ತು ಸುಳ್ಳು ಬಂದು ಸಾಲಾಗಿ ನಿಂತವು, ಒಂದಕ್ಕಿಂತ ಒಂದು ಚೆಂದ. ಬೇರೆ ದಿನವಾಗಿದ್ದರೆ ಯಾವುದನ್ನಾದರೂ ಆರಿಸಿ, ಬಾಲ ಅಂಟಿಸಿ, ಓಡಿಸುತ್ತಿದ್ದ.

“ನಾಲಿಗೆ ಸಾಲಿಗೆ,” ಎಂದ.

ಹುಡುಗಿ ಎದ್ದು ನಿಂತಳು. “ಏಳು ವರ್ಷ ಅಪ್ಪಾ! ರಜಾ ದಿನಾನೂ ಬಿಟ್ಟಿಲ್ಲ. ಜ್ವರ ಬಂದಾಗ್ಲೂ ಬಿಟ್ಟಿಲ್ಲ. ಒಂದು ತಕ್ಕಡಿ ತಗೊಂಡು ಉಪ್ಪು ತೂಗಿ ಹಾಕು ಅಂತ ಅಮ್ಮ ಎಷ್ಟು ಬಡ್ಕೊಂಡ್ಳು? ಅದಕ್ಕೆ ನೀನು, ನಮ್ಮಪ್ಪ ಕೈ ಅಳತೇಲೇ ಹಾಕ್ತಿದ್ದ, ತಕ್ಕಡಿ ಹಿಡಿಯೋನು ಬೇಕರಿಯವನಲ್ಲ ಅಂತ ಮೀಸೆ ತಿರುವಿದೆ. ನಿನ್ನ ಮೀಸೆಗೆ ನನ್ನ ನಿದ್ದೆ ಹೋಯ್ತು. ಇವತ್ತು ಉಸಿರೂ ಹೋಗೋದಿತ್ತು!”

ಅವನಿಗೆ ರೇಗಿತು. ಬಾಯಿ ತೆರೆದ. ರೇಗುವುದಕ್ಕೆ ಯಾರೂ ಸಿಗಲಿಲ್ಲ. ಜನರೇಟರನ್ನು ನೋಡಿದ, ಅದು ತನ್ನ ಪಾಡಿಗಿತ್ತು. ಜೇಬಿನಿಂದ ಫೋನು ತೆಗೆದು ಅಂಗಡಿಯಲ್ಲಿದ್ದ ಹೆಂಡತಿಗೆ ಮಾಡಿದ.

“ಏನಾಯ್ತು? ಮುಗೀತಾ?” ಎಂದಳು ಅವಳು.

“ಇಲ್ಲ. ನಾನು ಬೆಳಿಗ್ಗೆ ಬನ್ನು ತಿನ್ನಿಸಿಬಿಟ್ಟಿದ್ದೆ. ಎರಡು ಗಂಟೆಗೆ ಮಾಡ್ತಾರೆ. ನೀನು ಇವತ್ತೇ ಒಂದು ತಕ್ಕಡಿ ತರಿಸು.”

ಫೋನಿನಿಂದ ಹೊರಟ ಬೈಗುಳ ಎಷ್ಟು ಜೋರಿತ್ತೆಂದರೆ ಹಗ್ಗದ ಮೇಲಿನ ಹಸಿರು ಬಟ್ಟೆಗಳು ಅರ್ಧ ಒಣಗಿದವು. ಅವನು ಒಂದಕ್ಷರ ಎದುರಾಡಲಿಲ್ಲ. ಪೂರ್ತಿ ಕೇಳಿ, “ಹೂಂ” ಎಂದು ಇಟ್ಟ. ಹುಡುಗಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. ನಾಲ್ಕು ಮೆಟ್ಟಿಲು ಕೆಳಗಿಳಿದು ಬೆನ್ನು ಹಾಕಿ ಕೂತಳು. ಎರಡು ಗಂಟೆಯವರೆಗೂ ಹಾಗೇ ಕೂತಿದ್ದಳು. ಅವನೂ ಕೂತಿದ್ದ.

ಎರಡೂಕಾಲಿಗೆ ಒಳಗೆ ಕರೆದರು. ಬೇಕರಿಯವನು ಬೆಂಚಿನ ಮೇಲೆ ಕೂತು ಬಾಯಿ ಬಿಡದೆ ಕಾದ. ಕೌಂಟರಿನ ಹುಡುಗಿ, “ಸಾರ್, ಹುಷಾರಾಗಿದೀರಾ?” ಎಂದು ಎರಡು ಸಲ ಕೇಳಿದಳು. ಮೂರೂ ಹತ್ತಕ್ಕೆ ಅವನನ್ನು ಒಳಗೆ ಬಿಟ್ಟರು.

ಮಗಳು ಮಂಚದ ಮೇಲೆ ಒರಗಿದ್ದಳು. ಎರಡೂ ಕೆನ್ನೆಯಲ್ಲಿ ಹತ್ತಿ, ಕಣ್ಣು ಅರ್ಧ ಮುಚ್ಚಿತ್ತು. ಎದೆ ಏರಿ ಇಳಿಯುತ್ತಿತ್ತು. ಅದನ್ನೇ ಅವನು ಎಣಿಸುತ್ತಾ ನಿಂತ. ಹದಿನಾಲ್ಕನೆಯದಕ್ಕೆ ಅವಳು ಕಣ್ಣು ತೆಗೆದು ಅಪ್ಪನನ್ನು ಗುರುತಿಸಿದಳು. ಗುರುತಿಸಿದ್ದೇ ತಡ, ಹುಬ್ಬು ಗಂಟಿಕ್ಕಿತು.

“ಅವ್ವವ್ವ ಅಂಬ ಅವ್ವೂ!” ಎಂದಳು.

“ಏನಮ್ಮಾ?”

“ಅವ್ವೂ ಬಂಬ ಅವ್ವವ್ವಾ ಇಂಬಾ!” ಬೆರಳು ಎತ್ತಿ ಅವನ ಮೂಗಿನ ಮುಂದೆ ಆಡಿಸಿದಳು. ಮೆಟ್ಟಿಲಿನ ಮೇಲೆ ಮಿಕ್ಕಿದ್ದದ್ದನ್ನೆಲ್ಲ ಈಗ ತೀರಿಸುತ್ತಿದ್ದಳು. ಉದ್ದಕ್ಕೆ, ಉಸಿರು ತಗೊಂಡು, ಮತ್ತೆ ಉದ್ದಕ್ಕೆ. ನಾಲಿಗೆ ಜೋಮು ಹಿಡಿದು ಒಂದು ಮಾತೂ ರೂಪಕ್ಕೆ ಬರುತ್ತಿರಲಿಲ್ಲ.

“ನಾಳೆ ಹೊತ್ತಿಗೆ ಸರಿ ಹೋಗುತ್ತೆ ಅದು,” ಎಂದಳು ಡಾಕ್ಟರಮ್ಮ, ಕೈ ತೊಳೆಯುತ್ತಾ. “ಮಾತಾಡಿದ್ರೆ ಹತ್ತಿ ಬೀಳುತ್ತೆ. ಸ್ವಲ್ಪ ಸುಮ್ನಿರೋಕೆ ಹೇಳಿ ನಿಮ್ಮ ಮಗಳಿಗೆ.”

“ಬೇಕಾದ್ರೆ ನೀವು ಹೇಳಿ ಡಾಕ್ಟ್ರೇ,” ಎಂದ ಬೇಕರಿಯವನು. ಸ್ಟೂಲು ಎಳೆದುಕೊಂಡು, ಬೈಯಿಸಿಕೊಳ್ಳಲು ಅನುಕೂಲವಾಗುವಷ್ಟು ಹತ್ತಿರ ಕೂತ.