ಒಂಬತ್ತನೇ ನಂಬರಿನ ಮನೆ

ಚೆಂಡು ಒದ್ದವರು ಇನ್ನೂ ಊರಲ್ಲಿ ಓಡಾಡಿಕೊಂಡಿರುವಾಗ, ಅವರ ಅಂಗಿ ಒಗೆದವರ ಕತೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು. ಹೆಸರು ಬಿಟ್ಟುಹೋದವರು ಇನ್ನಷ್ಟು ಕ್ಷಮಿಸಬೇಕು. ಸುಂಕಪ್ಪನೂ ತನ್ನ ಪುಸ್ತಕದ ಮುನ್ನುಡಿಯನ್ನು ಹೀಗೆಯೇ ಆರಂಭಿಸಿ, ಹೊಡೆದುಹಾಕಿ, ಮತ್ತೆ ಹೀಗೆಯೇ ಆರಂಭಿಸಿದ್ದ.

ಸುಂಕಪ್ಪ, ಗಾದಿಗನೂರು ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಸಂಘದ ಕಾರ್ಯದರ್ಶಿ. ಹಗಲು ಅದಿರಿನ ಲಾರಿ ತೂಗುವ ಕಾಟಾದಲ್ಲಿ ಕೆಲಸ. ಹೊಸಪೇಟೆಯ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಾನೆ ಎಂಬ ಒಂದೇ ಕಾರಣಕ್ಕೆ ಸಂಘದ ಇಪ್ಪತ್ತೈದನೇ ವರ್ಷದ ಪುಸ್ತಕ ಬರೆಯುವ ಕೆಲಸ ಅವನ ಕೊರಳಿಗೆ ಬಿದ್ದಿತ್ತು.

ಈ ಸಂಘದವರು ಡೋಲು ಬಾರಿಸುವುದಕ್ಕಿಂತ ಹೆಚ್ಚಾಗಿ ಬಟ್ಟೆ ಒಗೆಯುತ್ತಾರೆ. ತಂಡದ್ದು ಬಿಳಿ ಜೆರ್ಸಿ, ಹೊಸಪೇಟೆಯ ದರ್ಜಿ ಹೊಲಿದ ಹತ್ತಿಯದು. ಅದಿರಿನ ಧೂಳು ಕೂತ ಮೈದಾನದಲ್ಲಿ ಅರ್ಧ ಆಟಕ್ಕೇ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಆಟ ಮುಗಿದೊಡನೆ ಒಂದೊಂದು ಜೆರ್ಸಿ ಒಂದೊಂದು ಮನೆಗೆ ಹೋಗುತ್ತದೆ. ಮುಂದಿನ ಪಂದ್ಯಕ್ಕೆ ಒಗೆದು, ಇಸ್ತ್ರಿ ಮಾಡಿ, ಆ ಮನೆಯವರೇ ತಂದು ಆಟಗಾರನ ಕೈಗೆ ಕೊಡಬೇಕು. ಊರಲ್ಲಿ 'ನಾಲ್ಕು ನಂಬರ್ ಮನಿಯವರು' ಎಂದರೆ ಸಾಕು, ಅಡ್ಡಹೆಸರು ಬೇಕಿಲ್ಲ. ಮೂರನೇ ನಂಬರಿನ ಪೂಜಿತಾ ಕಂಪ್ಲಿಗೆ ಸೊಸೆಯಾಗಿ ಹೋದರೂ ಹಕ್ಕು ಬಿಡಲಿಲ್ಲ. ಜೆರ್ಸಿ ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ ಬರುತ್ತದೆ. ಎದುರಾಳಿ ಊರಿನ ನೀರಿನಲ್ಲಿ ಒಗೆದ ಆ ಮೂರನೇ ನಂಬರೇ ಎಲ್ಲಕ್ಕಿಂತ ಬೆಳ್ಳಗಿರುತ್ತದೆ ಎಂಬುದು ಊರಿನವರ ನುಂಗಲಾರದ ತುತ್ತು.

ಪುಸ್ತಕದ ಮೊದಲ ವಾಕ್ಯ ಸುಲಭವಾಗಿತ್ತು: 'ಸಂಘವನ್ನು ಹುಟ್ಟುಹಾಕಿದವರು ಅಧ್ಯಕ್ಷರಾದ ಜಡೆಪ್ಪನವರು.' ಊರಿಗೆಲ್ಲ ಗೊತ್ತಿದ್ದ ಮಾತು. ಜಡೆಪ್ಪ ನಿವೃತ್ತ ಲಾರಿ ಡ್ರೈವರು. ಸುಂಕಪ್ಪ ಸಂಜೆ ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷವೂ ಅವನಿಗಾಗಿ ಬಸ್‌ಸ್ಟಾಪಿನಲ್ಲಿ ಲಾರಿ ನಿಲ್ಲಿಸಿ, 'ಹತ್ತಲೇ ಪಂಡಿತ' ಎಂದು ಕರೆದೊಯ್ದ ಮನುಷ್ಯ.

ತೊಡಕು ಶುರುವಾದದ್ದು ಒಂಬತ್ತನೇ ನಂಬರಿನ ಮನೆಯಲ್ಲಿ. ಅದು ಜಡೆಪ್ಪನ ಅಕ್ಕ ನೀಲಗಂಗಮ್ಮನದು. ಮೊಣಕಾಲು ನೋವಿನಿಂದ ಆಕೆ ಈ ಸಲ ಜೆರ್ಸಿ ಒಗೆಯಲಾರೆ ಎಂದಿದ್ದಳು. ಫೋಟೋ ತೆಗೆಯಲು ಹೋದ ಸುಂಕಪ್ಪ ಬರೆದದ್ದನ್ನು ಓದಿ ಹೇಳಿದ. ಆಕೆ ಬಾಯಿಯ ಎಲೆಅಡಿಕೆ ಉಗುಳಿ ಬಂದು ಕೂತಳು.

"ಅವನು ಹುಟ್ಟಿಸಿದ್ನಾ? ಕೊಳಿ ಜೆರ್ಸಿ ಗಂಟು ತಂದು ಅಂಗಳದಾಗ ಬಿಸಾಕಿ, 'ಅಕ್ಕಾ ಒಗದು ಹಾಕು' ಅಂತ ಹೇಳಿ ಹೋದ, ಅಷ್ಟ. ಎರಡು ವಾರ ಹನ್ನೊಂದೂ ನಾನೇ ಒಗದೆ. ಮೂರನೇ ವಾರ ಮನಿಮನಿಗೆ ಹೋಗಿ ಒಂದೊಂದು ಕೊಟ್ಟು ಬಂದೆ. ಸಂಘ ಗಿಂಘ ಯಾರಿಗೆ ಗೊತ್ತಿತ್ತಪಾ? ನನ್ನ ರಟ್ಟಿ ನೋಯ್ತಿದ್ವು."

"ಇಷ್ಟು ವರ್ಷ ಯಾಕ ಹೇಳಲಿಲ್ಲ ಅವ್ವಾ?"

"ನೀವು ಯಾರು ಕೇಳಿದ್ರಿ?"

ಹೊರಡುವಾಗ ಆಕೆ ಪೆಟ್ಟಿಗೆಯಿಂದ ಒಂದು ಬಿಳಿ ಅಂಗಿ ತೆಗೆದು ತೋರಿಸಿದಳು. ಜೇಬಿತ್ತು, ನಂಬರಿರಲಿಲ್ಲ. ಮೊದಲ ದಿನ ಜೆರ್ಸಿಗಳನ್ನೆಲ್ಲ ಈ ಅಂಗಿಯಲ್ಲೇ ಗಂಟು ಕಟ್ಟಿದ್ದರಂತೆ. ಒಗೆದಿಟ್ಟಳು, ಕೇಳಿಕೊಂಡು ಯಾರೂ ಬರಲಿಲ್ಲ.

ಸುಂಕಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಅಕ್ಕನ ಹೆಸರು ಬರೆದರೆ ತಮ್ಮನ ಮರ್ಯಾದೆ ಹೋಗುತ್ತದೆ. ಬರೆಯದಿದ್ದರೆ ಆಕೆಯ ಇಪ್ಪತ್ತೈದು ವರ್ಷವೇ ಹೋಗುತ್ತದೆ. ಕೊನೆಗೆ ಚಹಾದ ಅಂಗಡಿಯಲ್ಲಿ ಜಡೆಪ್ಪನ ಮುಂದೆಯೇ ಎಲ್ಲ ಹೇಳಿದ.

ಜಡೆಪ್ಪ ಲೋಟ ಕೆಳಗಿಟ್ಟ. "ಬರಿ. ಓದಿದಾವ ನೀನು. ಜಡೆಪ್ಪ ಏನೂ ಮಾಡಿಲ್ಲ ಅಂತ ದಪ್ಪಕ್ಷರದಾಗ ಬರಿ."

"ಮಾವ, ಹಂಗಲ್ಲ..."

ಅರ್ಧ ಚಹಾ ಅಲ್ಲೇ ಬಿಟ್ಟು ಅವನು ಎದ್ದು ಹೋದ. ಸುಂಕಪ್ಪ ಮನೆಗೆ ಬಂದು ಹಳೆಯ ವಾಕ್ಯವನ್ನೇ ಮತ್ತೆ ಬರೆದಿಟ್ಟ. ಬರೆದ ಮೇಲೆ ಅದನ್ನು ನೋಡಲಾಗದೆ ಹಾಳೆ ಮಗುಚಿದ.

ಭಾನುವಾರ ಹೊಸಪೇಟೆಯ ಮೈದಾನದಲ್ಲಿ ಕಂಪ್ಲಿಯವರೊಡನೆ ಫೈನಲ್. ಒಂದೊಂದೇ ಮನೆಯವರು ಬಂದು ಜೆರ್ಸಿ ಕೊಟ್ಟರು. ಒಂಬತ್ತನೇ ನಂಬರಿನದು ಮಾತ್ರ ಬರಲಿಲ್ಲ. ನೀಲಗಂಗಮ್ಮ ಆಟೋದಲ್ಲಿ ಕೂತೇ ಆಟ ನೋಡಲು ಬಂದಿದ್ದಳು, ಬರಿಗೈಲಿ. "ಮೊನ್ನೆ ನನ್ನ ತಮ್ಮ ಬಂದು ಒಯ್ದಾನಲ್ಲ?" ಎಂದಳು.

ಆಗ ಜಡೆಪ್ಪ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಬಂದ. ಬಿಚ್ಚಿದರೆ ಜೆರ್ಸಿ ನೀಲಿ! ಬೆಳ್ಳಗಾಗಲಿ ಎಂದು ಬಟ್ಟೆಗೆ ಹಾಕುವ ನೀಲಿಯ ಬಾಟಲಿಯನ್ನೇ ಬಕೀಟಿಗೆ ಬಗ್ಗಿಸಿದ್ದ.

"ಎಷ್ಟು ಹನಿ ಹಾಕಿದ್ಯೋ?" ಆಟೋದೊಳಗಿಂದ ಅಕ್ಕ ಕೇಳಿದಳು.

"ಹನಿ ಯಾರು ಎಣಸ್ತಾರ? ಭಾಳ ಹಾಕಿದ್ರ ಭಾಳ ಬೆಳ್ಳಗ ಆಕ್ಕತಿ ಅಂದ್ಕೊಂಡೆ."

ಕಂಪ್ಲಿ ಕಡೆಯವರು ಹೊಟ್ಟೆ ಹಿಡಿದು ನಕ್ಕರು. "ಗಾದಿಗನೂರಿನವ್ರು ಶಾಯಿ ಕಾರ್ಖಾನಿ ಹಾಕ್ಯಾರೇನ್ರಿ!" ರೆಫರಿ ನಗಲಿಲ್ಲ. ಗೋಲ್‌ಕೀಪರ್ ಬಿಟ್ಟು ಉಳಿದ ಹತ್ತು ಜೆರ್ಸಿಗಳೂ ಒಂದೇ ಬಣ್ಣದವಾಗಿರಬೇಕು, ಹತ್ತು ನಿಮಿಷದೊಳಗೆ ತಯಾರಾಗಿ ಎಂದರು.

"ಹಂಗಾದ್ರ ಎಲ್ಲಾ ಅದ್ದ್ರಿ!" ಎಂದಳು ನೀಲಗಂಗಮ್ಮ. "ಜಲ್ದಿ! ಬಕೀಟು ತರ್ರಿ."

ಮೈದಾನದ ನಲ್ಲಿಯ ಕೆಳಗೆ ಒಂಬತ್ತು ಮನೆಯವರು, ತಾವು ಇಸ್ತ್ರಿ ಮಾಡಿ ತಂದ ಬಿಳಿ ಜೆರ್ಸಿಗಳನ್ನು ಎದುರಿನ ಅಂಗಡಿಯಿಂದ ತಂದ ನೀಲಿಯಲ್ಲಿ ಅದ್ದಿ ಹಿಂಡಿದರು. ಪೂಜಿತಾ ಕಣ್ಣುಮುಚ್ಚಿ ಅದ್ದಿದಳು. ಅಕ್ಕ ಆಟೋದಿಂದ ಬೈಯುತ್ತಲೇ ಇದ್ದಳು, ಜಡೆಪ್ಪ ಮೊಣಕೈವರೆಗೆ ನೀಲಿಯಾಗಿ ಹಿಂಡುತ್ತಲೇ ಇದ್ದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸುಂಕಪ್ಪನತ್ತ ತಿರುಗದೆಯೇ ಅವನು ಹೇಳಿದ:

"ರಟ್ಟಿ ಹಿಡಕೊಂಡಾವಲೇ. ಒಂದೇ ಒಂದು ಒಗದಿದ್ದಕ್ಕ ಹಿಂಗ. ಇಪ್ಪತ್ತೈದು ವರ್ಷದಾಗ ಇದೇ ಮೊದಲು ನಾ ಒಗದಿದ್ದು. ಅಕ್ಕನ ಹೆಸರು ಹಾಕು, ಪಂಡಿತ."

"ನಿಮ್ಮದು, ಮಾವ?"

"ಗಂಟು ಹೊತ್ತಾವ ಅಂತ ಹಾಕು. ಅದು ಸುಳ್ಳಲ್ಲ." ಇನ್ನೊಂದು ಜೆರ್ಸಿ ಹಿಂಡುತ್ತಾ, "ಆದ್ರ ಕಟ್ಟಿದಾವ ನಾನಲ್ಲ. ನಾ ಬರೂದ್ರಾಗ ಗಂಟು ನನ್ನ ಲಾರಿ ಸೀಟಿನ ಮ್ಯಾಲ ಇತ್ತು" ಎಂದ.

ಗಾದಿಗನೂರು ಒದ್ದೆ ಜೆರ್ಸಿಯಲ್ಲಿ ಆಡಿ ಎರಡು-ಒಂದರಿಂದ ಸೋತಿತು. ಆ ಒಂದು ಗೋಲು ಒಂಬತ್ತನೇ ನಂಬರಿನದು. ಸೋತವರೂ ಅವರ ಬೆನ್ನು ತಟ್ಟಿದವರೂ ಅಂಗೈ ನೀಲಿ ಮಾಡಿಕೊಂಡು ಬಸ್ಸು ಹತ್ತಿದರು.

ಸೋಮವಾರ ಪ್ರೆಸ್ಸಿಗೆ ಹೋದ ಪುಸ್ತಕದ ಮೊದಲ ವಾಕ್ಯ ಹೀಗಿದೆ: 'ಸಂಘವನ್ನು ಹುಟ್ಟುಹಾಕಿದವರು ನೀಲಗಂಗಮ್ಮ, ರಟ್ಟೆ ನೋವು ತಾಳಲಾರದೆ; ಗಂಟು ಹೊತ್ತು ತಂದವರು ಜಡೆಪ್ಪ.' ಇಪ್ಪತ್ತೈದು ವರ್ಷದ ಹಿಂದಿನ ಆ ಮೊದಲ ದಿನ, ಬೇರೆಯವರ ಕೊಳೆ ಜೆರ್ಸಿಗಳನ್ನು ಆಯ್ದು, ತನ್ನ ಮೈಮೇಲಿನ ಅಂಗಿ ಬಿಚ್ಚಿ ಗಂಟು ಕಟ್ಟಿ, ಬರಿಮೈಯಲ್ಲಿ ಮನೆಗೆ ನಡೆದುಹೋದವರು ಯಾರು ಎಂದು ಸುಂಕಪ್ಪ ಸಂಡೂರಿನವರೆಗೂ ವಿಚಾರಿಸಿದ. ತಿಳಿಯಲಿಲ್ಲ. ಅಂಗಿ ನೀಲಗಂಗಮ್ಮನ ಪೆಟ್ಟಿಗೆಯಲ್ಲೇ ಇದೆ.