ಪೇಜ್‌ಮೇಕರ್ ಹೋದ ಮೇಲೆ

ನಮ್ಮ ಅಚ್ಚಿನ ಅಂಗಡಿಯಲ್ಲಿ ಕಾರ್ಡು ಕಟ್ಟುತ್ತಿದ್ದ ಪೇಜ್‌ಮೇಕರ್ ತಂತ್ರಾಂಶ ಕದ್ದ ಮಾಲು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಎಲ್ಲರ ಮನೆ ದೋಸೆಯೂ ತೂತೇ. ಹಾಸನದವನೊಬ್ಬ ಬಾಳ್ಳುಪೇಟೆಗೆ ಬಂದು ಸಿ.ಡಿ.ಯಿಂದ ಹಾಕಿಕೊಟ್ಟು ಹೋಗಿದ್ದ. 2007ರಲ್ಲಿ ಕಂಪ್ಯೂಟರ್ ಕೈಕೊಟ್ಟಾಗ ಮತ್ತೆ ಅವನಿಗೇ ಫೋನ್ ಮಾಡಿದೆ. "ಈಗ ಚೆಕಿಂಗ್ ಜೋರಾಗೈತೆ ಕಣ್ರೀ ಶಾಂತಮಲ್ಲಪ್ಪ, ಒರಿಜಿನಲ್ಲೇ ತಗೊಳ್ಳಿ" ಅಂದ. ಬೆಲೆ ಕೇಳಿ ಫೋನ್ ಕುಕ್ಕಿದೆ. ಅದನ್ನು ಕೊಳ್ಳಬೇಕಾದರೆ ಅಂಗಡಿಯನ್ನೇ ಮಾರಬೇಕಿತ್ತು.

ನನ್ನ ಹೆಂಡತಿ ಸುಮಿತ್ರ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಕಂಪ್ಯೂಟರ್ ಅವಳ ಪಾಲು, ಅಚ್ಚಿನ ಯಂತ್ರ ನನ್ನ ಪಾಲು. ಸುತ್ತಲಿನವರ ಮದುವೆ, ಗೃಹಪ್ರವೇಶ, ಸಾವು ಎಲ್ಲಕ್ಕೂ ನಾವಿಬ್ಬರೇ ಕೂತು ಕಾರ್ಡು ಹಾಕಿದೆವು. ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅವಳು ಹೋಗಿಬಿಟ್ಟಳು. ಕಂಪ್ಯೂಟರ್ ಕೆಟ್ಟದ್ದು ಆಮೇಲೆ. ರಿಪೇರಿಯಾಗಿ ಬಂದಾಗ ಒಳಗಿದ್ದದ್ದೆಲ್ಲ ಅಳಿಸಿಹೋಗಿತ್ತು.

ಪುಕ್ಕಟೆ ಸಿಗುವ ತಂತ್ರಾಂಶವೊಂದಿದೆ ಎಂದು ಹೇಳಿದವನು ಸಕಲೇಶಪುರದ ಸೈಬರ್ ಸೆಂಟರಿನ ಪ್ರತಾಪ್. ಸ್ಕ್ರೈಬಸ್ ಅಂತ ಅದರ ಹೆಸರು. ಅವನೇ ಸಿ.ಡಿ.ಗೆ ಇಳಿಸಿಕೊಟ್ಟ. ಹಾಕಿ ನೋಡಿದರೆ, ಸುಮಿತ್ರ ಸಿ.ಡಿ.ಯಲ್ಲಿ ಜೋಪಾನ ಮಾಡಿಟ್ಟಿದ್ದ ಹಳೆಯ ಪೇಜ್‌ಮೇಕರ್ ಕಾರ್ಡುಗಳಲ್ಲಿ ಒಂದೂ ಅದರಲ್ಲಿ ತೆರೆಯಲಿಲ್ಲ. ಕನ್ನಡ ಹೊಡೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತು. "ಪುಕ್ಕಟೆ ಸಿಕ್ಕಿದ್ದರ ಹಣೆಬರಹವೇ ಇಷ್ಟು" ಎಂದು ಬೈದೆ. ಹಳೆಯ ನುಡಿ ಫಾಂಟು ಹಾಕಿದ ಮೇಲೆ ಹೇಗೋ ಸರಿಹೋಯಿತು.

ಸಾವಿನ ಕಾರ್ಡನ್ನು ನಮ್ಮ ಕಡೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿ, ಹರಿದು ಎಸೆಯುತ್ತಾರೆ. ಆಲೂರಿನಲ್ಲಿ ಮಾಡಿಸಿದ್ದ ಸುಮಿತ್ರಳದನ್ನೂ ಎಸೆದರು. ನಾನೂ ಎಸೆದೆ, ಆಮೇಲೆ ಕಸದ ಬುಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಸ್ಕ್ರೈಬಸ್ ಕಲಿಯುವ ನೆಪದಲ್ಲಿ ಅವಳ ಶಿವಗಣಾರಾಧನೆಯ ಕಾರ್ಡನ್ನು ನೆನಪಿನಿಂದಲೇ ಮತ್ತೆ ಕಟ್ಟಿದೆ. ಒಂದೊಂದೇ ಅಕ್ಷರ ಹುಡುಕಿ ಕುಟ್ಟುವವನು ನಾನು, ವಾರವೇ ಹಿಡಿಯಿತು. ಮುಗಿದಾಗ ತೋರಿಸೋಣವೆಂದರೆ ಅಂಗಡಿಯಲ್ಲಿ ಯಾರಿದ್ದಾರೆ? "ನೋಡೇ, ಬಂತು" ಎಂದು ಅವಳ ಫೋಟೋಕ್ಕೇ ಹೇಳಿದೆ.

ಅದಾಗಿ ಸ್ವಲ್ಪ ದಿನಕ್ಕೆ ಯಸಳೂರಿನ ತೋಟಪ್ಪ ಬಂದ.

"ಅವ್ವ ಹೋಗ್ಬುಟ್ಲು ಕಣಣ್ಣ. ಸಂಜೆ ಬಸ್ಸಿಗೆ ಕಾರ್ಡು ತಗೊಂಡೋಗ್ಬೇಕು."

ನಮ್ಮ ಕಸುಬಿನಲ್ಲಿ ಸಾವಿನ ಕಾರ್ಡನ್ನು ಯಾರೂ ಹೊಸದಾಗಿ ಕಟ್ಟುವುದಿಲ್ಲ. ಹಿಂದೆ ಹೋದವರ ಕಾರ್ಡು ತೆರೆದು, ಅವರ ಹೆಸರು ಅಳಿಸಿ, ಈಗ ಹೋದವರದನ್ನು ಹಾಕುವುದು. ಈಗ ಈ ಕಂಪ್ಯೂಟರಿನಲ್ಲಿದ್ದ ಸತ್ತವಳು ಒಬ್ಬಳೇ, ಸುಮಿತ್ರ. ಹೊಸದಾಗಿ ಕಟ್ಟಲು ಕೂತರೆ ಸಂಜೆಯ ಬಸ್ಸಲ್ಲ, ಆರಾಧನೆಯೇ ಮುಗಿದುಹೋಗುತ್ತಿತ್ತು. ಅವಳದರ ಪ್ರತಿ ಮಾಡಿಟ್ಟುಕೊಳ್ಳಬಹುದು, ಮಾಡಿಕೊಂಡೆ, ಅಷ್ಟು ದಡ್ಡನಲ್ಲ ನಾನು. ಆದರೂ ಕಣ್ಣೆದುರು ಇದ್ದ ಅವಳ ಹೆಸರನ್ನು ನನ್ನ ಬೆರಳಿನಿಂದಲೇ ಅಳಿಸಬೇಕಲ್ಲ. ಕೈ ಏಳಲಿಲ್ಲ.

ತೋಟಪ್ಪ ಬಗ್ಗಿ ಪರದೆ ನೋಡಿದ.

"ಅಕ್ಕಂದಲ್ವೇನಣ್ಣ ಇದು? ಬ್ಯಾಡ ಬುಡು. ನಾನು ಆಲೂರಿಗೆ ಹೋಗಿ ಮಾಡಿಸ್ಕೊತೀನಿ."

"ಸುಮ್ನೆ ಕೂತ್ಕೊಳೋ! ನಿಮ್ಮವ್ವ ಸತ್ತಿರೋ ಹೊತ್ನಲ್ಲಿ ಊರೂರು ಅಲೀತೀಯಾ?" ರೇಗಿಬಿಟ್ಟೆ. ಅವನ ಮೇಲಲ್ಲ, ಯಾರ ಮೇಲೆಂದು ನನಗೂ ತಿಳಿಯದು.

ಅಳಿಸಿದೆ. ಸುಮಿತ್ರಮ್ಮ ಇದ್ದಲ್ಲಿ ಮಾದೇವಮ್ಮ ಎಂದು ಕುಟ್ಟಿದೆ. ಅವಳ ಫೋಟೋ ತೆಗೆದು ಅವನವ್ವನದನ್ನು ಇಟ್ಟೆ. ಸರಿಯಾಗಿ ಕೂತಿತು. ಪರವಾಗಿಲ್ಲ, ಮುಗಿಯಿತು ಎಂದುಕೊಂಡೆ.

ಕೊನೆಯಲ್ಲಿ 'ದುಃಖತಪ್ತರು' ಎಂದಿತ್ತು. ಅದರ ಕೆಳಗಿದ್ದದ್ದು ನನ್ನದೊಂದೇ ಹೆಸರು. ಅದನ್ನೂ ಅಳಿಸಿ, "ಹೇಳು" ಅಂದೆ.

ತೋಟಪ್ಪ ಶುರುಮಾಡಿದ. ತಾನು, ಹೆಂಡತಿ, ತಮ್ಮಂದಿರು, ಅವರ ಹೆಂಡಿರು, ಅಕ್ಕ, ಭಾವ. ಹೆಸರು ಕುಟ್ಟುವ ಚೌಕದ ಮೂಲೆಯಲ್ಲಿ ಗುರುತೊಂದು ಮೂಡಿತು, ಅಕ್ಷರ ಹಿಡಿಯುತ್ತಿಲ್ಲ ಎಂದು. ಚೌಕವನ್ನು ಕೆಳಕ್ಕೆ ಎಳೆದೆ. ಮತ್ತೆ ಹೆಸರು, ಮತ್ತೆ ಗುರುತು. ಮತ್ತೆ ಎಳೆದೆ.

"ಮೊಮ್ಮಕ್ಕಳು ಇನ್ನೂ ಅವ್ರೆ ಕಣಣ್ಣ," ಅಂದ ತೋಟಪ್ಪ ಸಂಕೋಚದಿಂದ. "ಜಾಗ ಸಾಲ್ದೇನೋ?"

"ಹೇಳು ಮಾರಾಯ," ಅಂದೆ. ಚೌಕವನ್ನು ಇನ್ನಷ್ಟು ಎಳೆದೆ. "ನನ್ನೊಬ್ಬನಿಗೇ ಅಂತ ಮಾಡಿದ್ದ ಜಾಗ ಅದು."