ಹಗುರ ಕೈಯ ಯುಡೆಲ್ಕಾ

ಕೇರಿಯಲ್ಲಿ ಯಾರಿಗೆ ಇಂಜೆಕ್ಷನ್ ಕೊಡಬೇಕಿದ್ದರೂ ಯುಡೆಲ್ಕಾಳ ಮನೆಗೇ ಬರುತ್ತಿದ್ದರು. ಆಸ್ಪತ್ರೆ ದೂರ, ಬಸ್ಸು ಬಂದರೆ ಬಂತು. ಅವಳದೋ ಹಗುರ ಕೈ, ಕೂಸುಗಳೂ ಅಳುತ್ತಿರಲಿಲ್ಲ. ದಿನವಿಡೀ ಬಾಳೆಕಾಯಿ ಕರಿದು ಮಾರಿ ಸೊಂಟ ಬಿದ್ದುಹೋಗಿದ್ದರೂ ಬಂದವರಿಗೆ ಇಲ್ಲ ಎಂದವಳಲ್ಲ. ಇಲ್ಲ ಎನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ!

ಸಾನ್ ಪೆದ್ರೊ ಎಂಬ ಊರಿನ ಸಕ್ಕರೆ ಕಾರ್ಖಾನೆಯ ಹಿಂದಿನ ಆ ಕೇರಿಯ ಗಂಡುಹುಡುಗರಿಗೆಲ್ಲ ಬೇಸ್‌ಬಾಲ್ ಹುಚ್ಚು. ಅಮೆರಿಕದ ತಂಡಗಳಿಗೆ ಹುಡುಗರನ್ನು ತಯಾರು ಮಾಡಿ ಒಪ್ಪಿಸುವ ಕೋಚ್ ಮೌರೊ, ಯುಡೆಲ್ಕಾಳ ಮಗ ಎರಿಬೆರ್ತೊನನ್ನೂ ಆರಿಸಿಕೊಂಡಿದ್ದ. ಹುಡುಗನಿಗೆ ಹದಿನೈದು. ತಂಡದವರು ಬಂದು ಅವನ ಎಸೆತ ನೋಡುವ ದಿನ ಹತ್ತಿರವಾದಾಗ ಮೌರೊ ಪುಟ್ಟ ಬಾಟಲಿಯೊಂದನ್ನು ತಂದುಕೊಟ್ಟ, ಅಮ್ಮಾವ್ರೇ ಎನ್ನುವಂತೆ ದೊನ್ಯಾ ಎಂದು ಮರ್ಯಾದೆಯಿಂದಲೇ ಕರೆದ.

"ವಿಟಮಿನ್ ಅಷ್ಟೆ, ದೊನ್ಯಾ. ಉಳಿದ ಹುಡುಗ್ರಿಗೆ ಚುಚ್ಚಿದ್ರಲ್ಲ, ಅದೇ. ತೋಳಿಗೆ ಬಲ ಬರುತ್ತೆ."

ಆ ಸಂಜೆ, ಇಗರ್ಜಿಯಲ್ಲಿ ಎರಿಬೆರ್ತೊನ ನಾಮಕರಣಕ್ಕೆ ನಿಂತಿದ್ದ ಅವನ ಧರ್ಮತಾಯಿ ನಿಯೆವೆಸ್ ಕಾಫಿ ಕುಡಿಯಲು ಬಂದಳು. ಸರ್ಕಾರಿ ಆಸ್ಪತ್ರೆಯ ನರ್ಸ್ ಅವಳು. ಮೇಜಿನ ಮೇಲಿದ್ದ ಬಾಟಲಿ ಅವಳ ಕಣ್ಣಿಗೆ ಬಿತ್ತು.

"ಇದರ ಲೇಬಲ್ ಎಲ್ಲೇ?"

"ಉಜ್ಜಿ ಹೋಗಿರ್ಬೇಕು."

"ಉಜ್ಜಿ ಹೋಗಿದ್ದಲ್ಲ ಕಣೇ, ಬ್ಲೇಡಲ್ಲಿ ಕೆರೆದಿರೋದು. ಗೀರು ನೋಡು."

"ನಿಂಗೆ ಎಲ್ಲದ್ರಲ್ಲೂ ಅನುಮಾನ. ವಿಟಮಿನ್ ಅಂತ ಕೋಚೇ ಹೇಳಿದ್ದಾರೆ."

"ವಿಟಮಿನ್ ಹೆಸರನ್ನ ಯಾರಾದ್ರೂ ಮುಚ್ಚಿಡ್ತಾರಾ? ಇದು ಸ್ನಾಯು ಉಬ್ಬಿಸೋ ಸ್ಟೆರಾಯ್ಡ್ ಇದ್ರೂ ಇರ್ಬಹುದು. ಮೂಳೆ ಬೆಳೆಯೋ ವಯಸ್ಸಲ್ಲಿ ಅದನ್ನ ಚುಚ್ಚಿದ್ರೆ ಎತ್ತರ ಅಲ್ಲಿಗೇ ನಿಲ್ಲಬಹುದು, ಲಿವರ್, ಹೃದಯ ಕೆಡಬಹುದು. ತಂಡದವರು ಮೂತ್ರ ಪರೀಕ್ಷೆ ಬೇರೆ ಮಾಡಿಸ್ತಾರೆ. ಸಿಕ್ಕಿಬಿದ್ರೆ ಹೆಸರು ಹಾಳಾಗೋದು ನಿನ್ ಮಗಂದು, ಮೌರೊಂದಲ್ಲ."

"ಕೇರಿ ಹುಡುಗ್ರೆಲ್ಲ ಚುಚ್ಚಿಸ್ಕೊಂಡ್ರು. ನನ್ ಮಗ ಒಬ್ನೇ ಹಿಂದೆ ಬೀಳ್ಬೇಕಾ?"

"ಅವರಿಗೆಲ್ಲ ಚುಚ್ಚಿದ್ದು ಯಾರು, ಮಾರಾಯ್ತಿ?"

ಯುಡೆಲ್ಕಾ ಬಾಟಲಿಯ ಗೀರನ್ನು ಬೆರಳಲ್ಲಿ ಸವರಿದಳು. ಎದುರುಮನೆಯ ವಿಲ್ಕಿನ್ ನೆನಪಾದ. ಅವಳ ಕೈಯಲ್ಲಿ ಚುಚ್ಚಿಸಿಕೊಂಡ ಮೇಲೆ ಅವನ ಬೆನ್ನು, ಮುಖದ ತುಂಬ ಮೊಡವೆ, ಮೂಗಿನ ತುದಿಯಲ್ಲೇ ಸಿಟ್ಟು. ಹರೆಯ ಎಂದು ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ತನ್ನ ಕೈ ನೋಡಿಕೊಳ್ಳಲು ಅವಳಿಗೆ ಹೇಸಿಗೆಯಾಯಿತು.

ಮರುದಿನ ಮೌರೊ ಬಂದ. "ಆಯ್ತಾ ದೊನ್ಯಾ?"

"ಇನ್ನೂ ಇಲ್ಲ. ನಿಮ್ಮ ಮಗನಿಗೂ ಇವನದೇ ವಯಸ್ಸಲ್ವಾ? ಅವನೂ ಚೆಂಡು ಎಸೀತಾನಲ್ಲ. ಕರ್ಕೊಂಡು ಬನ್ನಿ. ಮೊದಲು ಅವನಿಗೆ ಚುಚ್ತೀನಿ, ಆಮೇಲೆ ನನ್ನ ಮಗನಿಗೆ."

"ಅವನಿಗ್ಯಾಕೆ? ಅವನಿನ್ನೂ ಬೆಳೀತಿರೋ ಹುಡುಗ..." ಎಂದವನು ಮಾತು ನುಂಗಿದ.

ಎರಿಬೆರ್ತೊ ಚೆಂಡು ಹಿಡಿಯುವ ಗವಸು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ.

ಮೌರೊ ಬಾಟಲಿಯನ್ನು ಜೇಬಿಗಿಳಿಸಿದ. "ಹಾಗಾದ್ರೆ ನಾಳೆಯಿಂದ ನಿಮ್ಮ ಹುಡುಗ ಮೈದಾನಕ್ಕೆ ಬರೋದು ಬೇಡ."

ಹುಡುಗ ಅಂದು ಅನ್ನ, ಅವರೆಕಾಳು ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ಯುಡೆಲ್ಕಾ ಅವನ ತಟ್ಟೆಯನ್ನು ಮುಚ್ಚಿಟ್ಟಳು. ಇಷ್ಟು ವರ್ಷ ಕಂಡ ಕನಸು ಒಂದು ಮಾತಿಗೆ ಮುರಿದುಬಿದ್ದಿತ್ತು.

ಬೆಳಿಗ್ಗೆ ಅವನೇ ಎದ್ದು ಬಂದು ಕೇಳಿದ. "ಅಮ್ಮಾ, ಅವರ ಮಗನಿಗೆ ಬೇಡದ್ದು ನನಗೆ ಹೇಗೆ ಒಳ್ಳೇದಾಗುತ್ತೆ?"

"ಅಷ್ಟು ತಿಳ್ಕೊಂಡ್ಯಲ್ಲ, ಸಾಕು ಕಂದ."

"ಶಾಲೆ ತಂಡದಲ್ಲಿ ಸೇರಿಸ್ಕೊಳ್ತಾರಾ ಕೇಳ್ತೀನಿ."

ಅಂದು ಯುಡೆಲ್ಕಾ ಬಾಳೆಕಾಯಿ ಕರಿಯಲು ಒಲೆ ಹಚ್ಚಲಿಲ್ಲ. ಕಾಲೆಳೆದುಕೊಂಡು ಮೊದಲು ಎದುರುಮನೆಗೆ ಹೋಗಿ ವಿಲ್ಕಿನ್‌ನ ತಾಯಿಗೆ ಹೇಳಿದಳು. "ನಿನ್ನ ವಿಲ್ಕಿನ್‌ಗೆ ಅದನ್ನ ಚುಚ್ಚಿದ್ದು ನಾನೇ. ಏನು ಅಂತ ಕೇಳದೆ ಚುಚ್ಚಿದೆ. ಬೈಯೋದಿದ್ರೆ ಆಮೇಲೆ ಬೈ, ಈಗ ಹುಡುಗನ್ನ ಕರ್ಕೊಂಡು ಆಸ್ಪತ್ರೆಗೆ ನಡಿ." ಆಮೇಲೆ ತಾನು ಚುಚ್ಚಿದ ಹುಡುಗರ ಮನೆಗಳಿಗೆಲ್ಲ ಹೋಗಿ ಇದನ್ನೇ ಹೇಳಿದಳು. ಕೆಲವರು ಬೈದರು, ಒಬ್ಬಳು ಬಾಗಿಲು ಹಾಕಿಕೊಂಡಳು. ಆದರೂ ಅಂದಿನ ಬಸ್ಸಿನಲ್ಲಿ ತಾಯಂದಿರೂ ಹುಡುಗರೂ ತುಂಬಿದ್ದರು.

ತಾಯಂದಿರೇ, ತಂದೆಯರೇ, ಆಡುವ ಮಕ್ಕಳನ್ನು ಆಡಲು ಬಿಡಿ, ಓದನ್ನು ಬಿಡಿಸಬೇಡಿ. ಯಾರಾದರೂ ಬಲದ ಔಷಧಿ ಎಂದು ಕೈಗಿಟ್ಟರೆ ಹೆಸರೇನು, ಬರೆದುಕೊಟ್ಟ ವೈದ್ಯರು ಯಾರು ಎಂದು ಕೇಳಿ. ಆಸ್ಪತ್ರೆಯವರಿಗೆ ತೋರಿಸದೆ ಚುಚ್ಚಿಸಬೇಡಿ. ಕೇಳಲು ಸಂಕೋಚವಾದರೆ ಯುಡೆಲ್ಕಾ ಕೇಳಿದ್ದನ್ನೇ ಕೇಳಿ: ಇದನ್ನು ನಿಮ್ಮ ಮಗನಿಗೂ ಕೊಡುತ್ತೀರಾ?